ಧಾತು, ಗಣ, ಆಕಾಂಕ್ಷೆ

ಪ್ರಥಮ ವರ್ಷದವರಿಗೆ ವ್ಯಾಕರಣದ ಪಾಠವನ್ನು ಆರಂಭಿಸುವ ದಿನ ನಾನು ಕಪ್ಪು ಹಲಗೆಯ ಮೇಲೆ ಒಂದು ಮರಾಠಿ ವಾಕ್ಯವನ್ನು ಬರೆಯುವುದುಂಟು: 'ಲೋಹ ಹಾ ಏಕ ಧಾತೂ ಆಹೇ.' ಮರಾಠಿ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. 'ಕಬ್ಬಿಣವು ಒಂದು ಲೋಹ' ಎಂಬಷ್ಟೇ ಅದರ ಅರ್ಥ. ಕರ್ನಾಟಕದ ವಿಜ್ಞಾನ ಪುಸ್ತಕವನ್ನು ಓದಿದವರು ಅದೇ ಶಬ್ದಗಳನ್ನು ತಮ್ಮ ಕಿವಿಯಿಂದ ಕೇಳಿದರೆ 'ಲೋಹವು ಒಂದು ಮೂಲವಸ್ತು' ಎಂದಾಗುತ್ತದೆ. ಕೇಶಿರಾಜನ ಶಬ್ದಮಣಿದರ್ಪಣದ ಧಾತುಪ್ರಕರಣವನ್ನು ಮುಂದಿಟ್ಟುಕೊಂಡು ಕುಳಿತವರಿಗಂತೂ ಲೋಹವೆಂಬುದು ಯಾವುದೋ ಕ್ರಿಯಾಪದದ ಮೂಲರೂಪವಾಗಿ ಕಂಡು ನಗು ಬರುತ್ತದೆ. ಮೂರು ಅರ್ಥ, ಒಂದೇ ವಾಕ್ಯ. ಗಡಿಯಲ್ಲಿ ಬೆಳೆದವರ ತಲೆಯೊಳಗೆ ಈ ಮೂರೂ ಏಕಕಾಲಕ್ಕೆ ಸದ್ದು ಮಾಡುತ್ತಿರುತ್ತವೆ.

ನಾನು ಏಳನೆಯ ಇಯತ್ತೆಯವರೆಗೆ ಅಕ್ಕಲಕೋಟ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವನು. ಎಂಟರಿಂದ ಮರಾಠಿ ಮಾಧ್ಯಮ. ನನ್ನ ಸೋದರಮಾವನ ಮಗ ಇಂಡಿ ತಾಲೂಕಿನವನು. ಬೇಸಿಗೆಯ ರಜೆಯಲ್ಲಿ ಅವನು ನಮ್ಮಲ್ಲಿಗೆ ಬಂದಾಗ ನಮ್ಮಿಬ್ಬರ ವಾದಕ್ಕೆ ವಿಷಯವಾದುದು 'ಅಣು'. ಮರಾಠಿಯಲ್ಲಿ 'ಅಣೂ' ಎಂದರೆ ಮೂಲವಸ್ತುವಿನ ಅತಿ ಚಿಕ್ಕ ಕಣ. ಅಂಥವು ಕೂಡಿ ಆಗುವುದು 'ರೇಣೂ'. ಕನ್ನಡದಲ್ಲಿ ಆ ಚಿಕ್ಕ ಕಣ 'ಪರಮಾಣು'. ಅವು ಕೂಡಿ ಆಗುವುದು 'ಅಣು'. ಎಂದರೆ ಅವನ ಅಣುವಿನೊಳಗೆ ನನ್ನ ಅಣುಗಳು ಎರಡೋ ಮೂರೋ ಇರುತ್ತಿದ್ದವು! ಇಬ್ಬರೂ ತಂತಮ್ಮ ಪುಸ್ತಕವನ್ನು ತೆರೆದು ತೋರಿಸಿಕೊಂಡೆವು. ಇಬ್ಬರ ಪುಸ್ತಕವೂ ಸರಿಯಾಗಿತ್ತು. ನಮ್ಮ ತಂದೆಗೆ ಈ ಗೊಡವೆ ಇರಲಿಲ್ಲ. ಗೊಬ್ಬರದ ಚೀಲದ ಮೇಲಿನ 'ನತ್ರ, ಸ್ಫುರದ, ಪಾಲಾಶ'ವನ್ನು ಅವರು ಮರಾಠಿಯಲ್ಲಿ ಓದಿ, ಬಾನುಲಿಯ ಕೃಷಿರಂಗದಲ್ಲಿ 'ಸಾರಜನಕ, ರಂಜಕ, ಪೊಟ್ಯಾಷ್' ಎಂದು ಕನ್ನಡದಲ್ಲಿ ಕೇಳಿ, ಹೊಲದಲ್ಲಿ ಎರಡನ್ನೂ ಒಂದೇ ಬೊಗಸೆಯಿಂದ ಚೆಲ್ಲುತ್ತಿದ್ದರು.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ವಿಭಾಗದ ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅವಳ ತಮ್ಮ ಕನ್ನಡ ಶಾಲೆಯಿಂದ ಮರಾಠಿ ಹೈಸ್ಕೂಲಿಗೆ ಹೋದ ಹುಡುಗ. ಈ ವರ್ಷ ಹತ್ತನೆಯ ಇಯತ್ತೆ. ಏಳನೆಯವರೆಗೆ ಅವನಿಗೆ ಪಾಠ ಹೇಳಿದ ಗುರುಗಳು ಕರ್ನಾಟಕದ ಪರಿಭಾಷೆಯನ್ನೇ ಬಳಸಿದ್ದರಂತೆ. ನೀರಿನ ಒಂದು 'ಅಣು'ವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಇವೆಯೆಂದು ಅವನು ಮರಾಠಿಯಲ್ಲಿ ಉತ್ತರ ಬರೆದ. ಕೆಂಪು ಶಾಯಿಯ ಗೆರೆ ಬಿತ್ತು. ಅಂಥ ನಾಲ್ಕಾರು ಗೆರೆಗಳು ಬಿದ್ದ ಮೇಲೆ, ತನಗೆ ವಿಜ್ಞಾನ ಹತ್ತುವುದಿಲ್ಲವೆಂದು ಅವನು ತಾನೇ ತೀರ್ಮಾನಿಸಿಬಿಟ್ಟ. "ನಮ್ಮ ತಮ್ಮ ದಡ್ಡ ಇಲ್ಲರೀ ಸರ. ಅಂವಗ ಎಲ್ಲಾ ಗೊತ್ತೈತಿ, ಶಬ್ದ ಬ್ಯಾರೆ ಹಚ್ಚತಾನ," ಎಂದು ಅವಳು ಅವನ ಎರಡು ವಹಿಗಳನ್ನು ನನ್ನ ಮೇಜಿನ ಮೇಲಿಟ್ಟಳು. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಆ ಹುಡುಗನ ತಪ್ಪುಗಳಲ್ಲಿ ಹೆಚ್ಚಿನವು ರಸಾಯನಶಾಸ್ತ್ರದವಲ್ಲ, ಅನುವಾದದವು.

ಆವರ್ತ ಕೋಷ್ಟಕದ ಪಾಠವನ್ನು ನಾವು ಮೂವರೂ ಕುಳಿತು ಓದಿದ್ದು ಹೀಗೆ. ಕನ್ನಡ ವಿಭಾಗದಲ್ಲಿ ಈ ಪಾಠ ಏಕೆಂದು ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು ಕೇಳಿದರು. ಅವರಿಗೆ ಹೇಳಲು ಆ ಹೊತ್ತಿಗೆ ಸಮಯವಿರಲಿಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಗೊಂದಲ ಬೇಡವೆಂದು ಮುಂದೆ 'ಧಾತು' ಎಂಬ ಶಬ್ದವನ್ನು ವ್ಯಾಕರಣಕ್ಕೆ ಬಿಟ್ಟುಕೊಟ್ಟು, ಕನ್ನಡದ ಹಳೆಯ ಶಬ್ದವಾದ 'ಮೂಲವಸ್ತು'ವನ್ನೇ ಬಳಸುತ್ತೇನೆ. ಕನ್ನಡದ 'ಪರಮಾಣು' ಪರಮಾಣುವೇ.

ಪರಮಾಣುವಿನ ನಡುವೆ ಬೀಜ. ಅದರ ಸುತ್ತ ಕವಚಗಳಲ್ಲಿ ಎಲೆಕ್ಟ್ರಾನುಗಳು. ಒಳಗಿನ ಮೊದಲ ಕವಚದಲ್ಲಿ ಎರಡಕ್ಕೆ ಎಡೆಯಿದೆ, ಎರಡನೆಯದರಲ್ಲಿ ಎಂಟಕ್ಕೆ. ಲಿಥಿಯಮ್ಮಿನಲ್ಲಿ ಮೂರು ಎಲೆಕ್ಟ್ರಾನುಗಳು: ಒಳಗೆ ಎರಡು, ಹೊರಗೆ ಒಂದು. ಸೋಡಿಯಮ್ಮಿನಲ್ಲಿ ಹನ್ನೊಂದು: ಎರಡು, ಎಂಟು, ಒಂದು. ಪೊಟ್ಯಾಸಿಯಮ್ಮಿನಲ್ಲಿ ಹತ್ತೊಂಬತ್ತು: ಎರಡು, ಎಂಟು, ಎಂಟು, ಒಂದು. ಮೂರನೆಯ ಕವಚ ಹದಿನೆಂಟನ್ನು ಹಿಡಿಯಬಲ್ಲದಾದರೂ ಎಂಟಾದೊಡನೆ ಹೊಸ ಎಲೆಕ್ಟ್ರಾನು ನಾಲ್ಕನೆಯದಕ್ಕೆ ಹೋಗಿ ಕೂರುವುದು ಸ್ವಲ್ಪ ತೊಡಕಿನ ಕಥೆ. ಅದನ್ನು ವಿಜ್ಞಾನದವರಿಗೆ ಬಿಡೋಣ. ನಮಗೆ ಬೇಕಾದುದು ಈ ಮೂರರಲ್ಲಿಯೂ ಕೊನೆಯ ಅಂಕೆ ಒಂದೇ ಎಂಬುದು. ಹೊರಗಿನ ಆ ಎಲೆಕ್ಟ್ರಾನುಗಳೇ ಪರಮಾಣುವಿನ ವ್ಯವಹಾರವನ್ನೆಲ್ಲ ನಡೆಸುವಂಥವು. ಮರಾಠಿಯಲ್ಲಿ ಅವು 'ಸಂಯುಜಾ ಇಲೆಕ್ಟ್ರಾನ್', ಕನ್ನಡದಲ್ಲಿ 'ವೇಲೆನ್ಸ್ ಎಲೆಕ್ಟ್ರಾನ್'. ಇಲ್ಲಿ ಮರಾಠಿಯ ಶಬ್ದ ಹೆಚ್ಚು ಚೆನ್ನಾಗಿದೆಯೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ: ಕೂಡಿಕೆಯ ಅರ್ಥ ಅದರ ಮೈಯಲ್ಲೇ ಇದೆ.

ಈ ಮೂರನ್ನೂ ಕೋಷ್ಟಕದಲ್ಲಿ ಒಂದರ ಕೆಳಗೊಂದು ಇಟ್ಟಿದ್ದಾರೆ. ಮೂರೂ ಚಾಕುವಿಗೆ ಕೊರೆಯುವಷ್ಟು ಮೃದು ಲೋಹಗಳು. ಮೂರೂ ನೀರಿನೊಡನೆ ಸೆಣಸುತ್ತವೆ. ಲಿಥಿಯಮ್ ನೀರಿನ ಮೇಲೆ ಗುಳ್ಳೆಯೆಬ್ಬಿಸುತ್ತ ತೇಲುತ್ತದೆ. ಸೋಡಿಯಮ್ ತನ್ನ ಕಾವಿಗೆ ತಾನೇ ಕರಗಿ ಗುಂಡಗಾಗಿ ಅತ್ತಿತ್ತ ಓಡುತ್ತದೆ. ಪೊಟ್ಯಾಸಿಯಮ್ ನೀಲಿಗೆಂಪು ಜ್ವಾಲೆಯೆಬ್ಬಿಸುತ್ತದೆ. ಕೆಳಗಿಳಿದಂತೆ ರಭಸ ಹೆಚ್ಚಲು ಕಾರಣವೂ ಆ ಒಂಟಿ ಎಲೆಕ್ಟ್ರಾನೇ. ಕವಚಗಳು ಹೆಚ್ಚಿದಂತೆ ಅದು ಬೀಜದಿಂದ ದೂರವಾಗುತ್ತದೆ, ನಡುವೆ ಒಳಗಿನ ಎಲೆಕ್ಟ್ರಾನುಗಳ ಮರೆ ಬೇರೆ, ಹಿಡಿತ ಸಡಿಲ. ಕೋಷ್ಟಕದ ಇನ್ನೊಂದು ತುದಿಗೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್: ಹೊರಕವಚದಲ್ಲಿ ಏಳೇಳು. ಅವುಗಳಿಗೆ ಒಂದರ ಕೊರತೆ. ಅಲ್ಲಿ ಕ್ರಮ ತಿರುವುಮುರುವು: ಬೀಜಕ್ಕೆ ಹತ್ತಿರವಿರುವ ಫ್ಲೋರಿನ್ನಿನ ಸೆಳೆತವೇ ಹೆಚ್ಚು, ಅಯೋಡಿನ್ನಿನದು ಮೆಲ್ಲಗೆ. ಒಂದನ್ನು ಕಳೆದುಕೊಳ್ಳಬೇಕಾದ ಸೋಡಿಯಮ್, ಒಂದು ಬೇಕಾದ ಕ್ಲೋರಿನ್ ಇವೆರಡೂ ಕೂಡಿದರೆ ನಮ್ಮ ಅಡುಗೆಮನೆಯ ಉಪ್ಪು. ನೀರಿಗೆ ಬಿದ್ದರೆ ಸಿಡಿಯುವ ಲೋಹ, ಮೂಗಿಗೆ ಹೊಕ್ಕರೆ ಕೊಲ್ಲುವ ಗಾಳಿ, ಕೂಡಿದ ಮೇಲೆ ಸಾರಿನ ರುಚಿ. ಹುಡುಗ ಇಲ್ಲಿ ಮೊದಲ ಬಾರಿಗೆ ತಲೆಯೆತ್ತಿ, "ಹಂಗಾದ್ರ ಉಪ್ಪಿನ್ಯಾಗ ಸೋಡಿಯಮ್ ಸತ್ತೈತೇನ್ರೀ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಸತ್ತಿಲ್ಲ, ಹೊರಗಿನ ಒಂದನ್ನು ಬಿಟ್ಟುಕೊಟ್ಟು, ಒಳಗಿನ ತುಂಬಿದ ಎಂಟನ್ನು ಹೊರಮೈ ಮಾಡಿಕೊಂಡು ಶಾಂತವಾಗಿದೆ.

ಮರಾಠಿ ಪುಸ್ತಕ ಕೋಷ್ಟಕದ ಈ ನಿಲುಸಾಲುಗಳಿಗೆ 'ಗಣ' ಎನ್ನುತ್ತದೆ. ಕನ್ನಡ ಪುಸ್ತಕಗಳಲ್ಲಿ ಅದು 'ಗುಂಪು' ಅಥವಾ 'ವರ್ಗ'. ಗಣವೆಂದೊಡನೆ ನಾಗವರ್ಮನ ಛಂದೋಂಬುಧಿಯ ಕಡೆಗೆ ಮನಸ್ಸು ಹರಿಯದ ಕನ್ನಡ ಅಧ್ಯಾಪಕನಿರಲಾರ. ಅಕ್ಷರಗಣಗಳು ಎಂಟು, ತುಂಬಿದ ಹೊರಕವಚಕ್ಕೂ ಎಂಟು. ಈ ಎರಡು ಎಂಟುಗಳಿಗೆ ನಂಟು ಹಚ್ಚುವ ಆಸೆಯಾಗುತ್ತದೆ. ಹಚ್ಚಬಾರದು. ಗುರು-ಲಘುಗಳನ್ನು ಮೂರು ಸ್ಥಾನಗಳಲ್ಲಿ ಹೂಡಿದರೆ ಆಗುವ ಜೋಡಣೆಗಳು ಎಂಟೇ ಆದುದರಿಂದ ನಮ್ಮ ಎಂಟು ಬಂದಿದೆ. ಪರಮಾಣುವಿನ ಎಂಟು ಎರಡಕ್ಕೆ ಆರು ಕೂಡಿದುದು. ಅದರ ದಾರಿಯೇ ಬೇರೆ. ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಭಾಷಣ ಮಾಡುವವರು ಇಂಥ ಕಡೆಗಳಲ್ಲಿಯೇ ಎಡವುತ್ತಾರೆ.

ಹೋಲಿಕೆ ಬೇಕೇಬೇಕೆಂದರೆ ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ನೋಡಿ. ಐದು ಸಾಲು, ಐದು ಕಂಬ. ಅಡ್ಡಸಾಲಿನಲ್ಲಿ ಉಚ್ಚಾರಸ್ಥಾನ ಒಂದೇ, ಗುಣ ಬೇರೆ. ನಿಲುಸಾಲಿನಲ್ಲಿ ಸ್ಥಾನ ಬೇರೆ, ಗುಣ ಒಂದೇ. ಖ, ಛ, ಠ, ಥ, ಫ ಇವೆಲ್ಲ ಒಂದು ಗಣದವು. ಒಂದನೆಯ ಇಯತ್ತೆಯ ಮಗು ಕೂಡ ಇದನ್ನು ಬಾಯಿಪಾಠ ಹೇಳುತ್ತದೆ. ಕೋಷ್ಟಕವೊಂದನ್ನು ಹೇಳುತ್ತಿದ್ದೇನೆಂದು ಅದಕ್ಕೆ ತಿಳಿದಿರುವುದಿಲ್ಲ. ಆವರ್ತ ಕೋಷ್ಟಕದಲ್ಲಿಯೂ ಅಡ್ಡಸಾಲಿಗೆ ಕವಚಗಳ ಸಂಖ್ಯೆ ಒಂದೇ. ನಿಲುಸಾಲಿಗೆ ಹೊರಗಿನ ಎಲೆಕ್ಟ್ರಾನುಗಳ ಸಂಖ್ಯೆ ಒಂದೇ. ಈ ಮಾತನ್ನು ಹೇಳಿದ ಮೇಲೆ ಹುಡುಗನಿಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಅವನೇ ಒಂದು ಹಾಳೆಯಲ್ಲಿ ಮೊದಲ ಇಪ್ಪತ್ತು ಮೂಲವಸ್ತುಗಳನ್ನು ಬರೆದು, ಕೊನೆಯ ಅಂಕೆಗೆ ಸುತ್ತು ಹಾಕುತ್ತ ಹೋದ.

ಸುತ್ತು ಹಾಕುತ್ತ ಹೋದವನು ಹೀಲಿಯಮ್ಮಿನಲ್ಲಿ ನಿಂತ. ಅದರಲ್ಲಿ ಇರುವುದೇ ಎರಡು ಎಲೆಕ್ಟ್ರಾನು. ಬೆರಿಲಿಯಮ್, ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಇವುಗಳ ಹೊರಗೂ ಎರಡೆರಡು. ಹಾಗಿದ್ದರೆ ಹೀಲಿಯಮ್ ಅವುಗಳ ಪಂಕ್ತಿಯಲ್ಲಿ ಕೂರದೆ ಬಲತುದಿಯ ನಿಯಾನ್, ಆರ್ಗಾನುಗಳ ತಲೆಯ ಮೇಲೆ ಏಕೆ ಕುಳಿತಿದೆ? ಎಣಿಕೆ ಸಾಲದು, ಕವಚ ತುಂಬಿತೋ ಇಲ್ಲವೋ ಎಂಬುದೂ ಮುಖ್ಯ. ಎರಡರ ಮನೆಯಲ್ಲಿ ಎರಡು ಜನವಿದ್ದರೆ ಮನೆ ತುಂಬಿದಂತೆ, ಎಂಟರ ಮನೆಯಲ್ಲಿ ಎರಡೇ ಜನವಿದ್ದರೆ ಅಲ್ಲ. ಹೈಡ್ರೋಜನ್ನಿನದು ಇನ್ನೊಂದು ಪೇಚು: ಹೊರಗೆ ಒಂದೇ ಎಂದು ಲಿಥಿಯಮ್ಮಿನ ಮೇಲೆ ಕೂರಿಸಿದ್ದಾರೆ, ಆದರೆ ಅದು ಲೋಹವಲ್ಲ. ಇಂಗಾಲಕ್ಕೂ ಸಿಲಿಕಾನಿಗೂ ನಾಲ್ಕು ನಾಲ್ಕು; ಎರಡೂ ಒಂದಕ್ಕೆ ಎರಡರಂತೆ ಆಕ್ಸಿಜನ್ನನ್ನು ಕೂಡಿಸಿಕೊಳ್ಳುತ್ತವೆ. ಮೊದಲನೆಯದರಿಂದ ನಾವು ಉಸಿರು ಬಿಡುವ ಗಾಳಿಯಾಗುತ್ತದೆ, ಎರಡನೆಯದರಿಂದ ಸೀನಾ ನದಿಯ ಮರಳು. ಒಂದೇ ಗಣದವರು ಒಂದೇ ಸ್ವಭಾವದವರೆಂದು ಹೇಳುವಾಗ ಈ ಗಾಳಿ-ಮರಳುಗಳನ್ನು ನೆನಪಿಟ್ಟುಕೊಂಡಿರುವುದು ಮೇಲು. ಕೋಷ್ಟಕದ ನಡುವಿನ ಕಬ್ಬಿಣ, ತಾಮ್ರ ಮೊದಲಾದವು ಒಳಗಿನ ಕವಚದಿಂದಲೂ ಎಲೆಕ್ಟ್ರಾನುಗಳನ್ನು ವ್ಯವಹಾರಕ್ಕೆ ಇಳಿಸುತ್ತವೆ. ಕಬ್ಬಿಣ ಕೆಲವೆಡೆ ಎರಡು, ಕೆಲವೆಡೆ ಮೂರು ಕೊಡುತ್ತದೆ. ಅವುಗಳ ತಂಟೆಗೆ ನಾವು ಹೋಗಲಿಲ್ಲ.

ಇಷ್ಟು ಹೇಳಿದ ಮೇಲೆ ಚರಿತ್ರೆಯ ಒಂದು ಮಾತು. ಎಲೆಕ್ಟ್ರಾನು ಪತ್ತೆಯಾದುದು 1897ರಲ್ಲಿ. ಮೆಂಡಲೀವ್ ಕೋಷ್ಟಕವನ್ನು ಪ್ರಕಟಿಸಿದ್ದು 1869ರಲ್ಲಿ. ಎಂದರೆ ಕಾರಣವನ್ನು ಕಾಣದೆಯೇ ಅವರು ಗಣಗಳನ್ನು ಕಂಡರು. ಯಾವುದು ಎಷ್ಟರೊಡನೆ ಕೂಡುತ್ತದೆ ಎಂಬುದನ್ನೇ ಹಿಡಿದು ಹೊರಟರು. ಅವರಿಗಿಂತ ಮೊದಲು, 1865ರಲ್ಲಿ, ನ್ಯೂಲ್ಯಾಂಡ್ಸ್ ಎಂಬ ಇಂಗ್ಲಿಷ್ ರಸಾಯನಜ್ಞ, ಸರಿಗಮದಲ್ಲಿ ಎಂಟನೆಯದು ಮತ್ತೆ 'ಸ' ಆಗುವಂತೆ ಮೂಲವಸ್ತುಗಳಲ್ಲಿಯೂ ಎಂಟನೆಯದು ಮೊದಲಿನದರ ಗುಣವನ್ನು ತೋರುತ್ತದೆಂದು ಹೇಳಿದರು. ಮರುವರ್ಷ ಲಂಡನ್ನಿನ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಒಬ್ಬರು, ಮೂಲವಸ್ತುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿದ್ದೀರಾ ಎಂದು ಅವರನ್ನು ಗೇಲಿ ಮಾಡಿದರು. ನಿಘಂಟಿನವರಾದ ನಮಗೆ ಈ ಗೇಲಿ ಸ್ವಲ್ಪ ಹೆಚ್ಚು ಚುಚ್ಚುತ್ತದೆ. ನ್ಯೂಲ್ಯಾಂಡ್ಸರ ಎಣಿಕೆಗೆ ಎಂಟನೆಯದು ಸಿಕ್ಕಿದ್ದು ನಿಯಾನಿನ ಗಣವೇ ಆಗ ಗೊತ್ತಿರಲಿಲ್ಲವೆಂಬ ಕಾರಣದಿಂದ. ಅದನ್ನು ಸೇರಿಸಿದರೆ ಮರಳಿ ಬರುವುದು ಒಂಬತ್ತನೆಯದು.

ಮೆಂಡಲೀವರು ಮಾಡಿದ ದೊಡ್ಡ ಕೆಲಸ ಖಾಲಿ ಮನೆಗಳನ್ನು ಬಿಟ್ಟದ್ದು. ಸಿಲಿಕಾನಿನ ಕೆಳಗೆ ಒಂದು ಮನೆ ಖಾಲಿಯಿತ್ತು. ಅಲ್ಲಿ ಇರಬೇಕಾದುದಕ್ಕೆ 'ಏಕ-ಸಿಲಿಕಾನ್' ಎಂದು ಹೆಸರಿಟ್ಟರು. ಹೌದು, ನಮ್ಮ ಸಂಸ್ಕೃತದ 'ಏಕ'ವೇ. ಅದರ ಪರಮಾಣು ತೂಕ 72, ಸಾಂದ್ರತೆ 5.5 ಇರುವುದೆಂದೂ, ಅದು ನಾಲ್ಕು ಕ್ಲೋರಿನ್ ಪರಮಾಣುಗಳೊಡನೆ ಕೂಡುವುದೆಂದೂ ಮೊದಲೇ ಬರೆದಿಟ್ಟರು. 1886ರಲ್ಲಿ ವಿಂಕ್ಲರ್ ಎಂಬ ಜರ್ಮನ್ ವಿಜ್ಞಾನಿಗೆ ಜರ್ಮೇನಿಯಮ್ ಸಿಕ್ಕಿತು: ತೂಕ 72.6, ಸಾಂದ್ರತೆ 5.3, ಕ್ಲೋರಿನ್ ನಾಲ್ಕೇ. ಸಂಸ್ಕೃತದ ಸಂಖ್ಯೆಗಳನ್ನು ಅವರು ಏಕೆ ಆರಿಸಿಕೊಂಡರೆಂಬುದಕ್ಕೆ, ಪಾಣಿನಿಯ ಅಷ್ಟಾಧ್ಯಾಯಿಯನ್ನು ಸಂಪಾದಿಸಿದ ಬ್ಯೋಟ್ಲಿಂಕ್ ಅದೇ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯವರಾಗಿದ್ದುದು ಕಾರಣವಿರಬಹುದೆಂಬ ಊಹೆಯೊಂದಿದೆ. ಊಹೆಯನ್ನು ಊಹೆಯಾಗಿಯೇ ಇಟ್ಟುಕೊಂಡರೂ ಸಂತೋಷಕ್ಕೆ ಕೊರತೆಯಿಲ್ಲ.

ಸಾಲ ಒಂದೇ ಕಡೆಗೆ ಹರಿದಿಲ್ಲ. ರಸಾಯನಶಾಸ್ತ್ರದ ವೇಲೆನ್ಸಿಯನ್ನು ಭಾಷಾಶಾಸ್ತ್ರಕ್ಕೆ ತಂದವರಲ್ಲಿ ಲ್ಯೂಸಿಯಾ ತೆನಿಯೇರ್ ಎಂಬ ಫ್ರೆಂಚ್ ವಿದ್ವಾಂಸರು ಮುಖ್ಯರು. ಅವರ ದೊಡ್ಡ ಗ್ರಂಥ ಅವರು ತೀರಿಕೊಂಡ ಮೇಲೆ, 1959ರಲ್ಲಿ, ಹೊರಬಂದಿತು. ಕ್ರಿಯಾಪದವು ಕೊಕ್ಕೆಗಳುಳ್ಳ ಪರಮಾಣುವಿನಂತೆ; ಎಷ್ಟು ಕೊಕ್ಕೆಗಳೋ ಅಷ್ಟು ನಾಮಪದಗಳನ್ನು ಅದು ಹಿಡಿಯುತ್ತದೆ ಎಂಬುದು ಅವರ ಕಲ್ಪನೆ. 'ಮಗು ಮಲಗಿತು' ಎಂಬಲ್ಲಿ 'ಮಲಗು' ಧಾತುವಿಗೆ ಒಂದು ಸಾಕು. 'ಇಸು' ಹಚ್ಚಿರಿ: 'ತಾಯಿ ಮಗುವನ್ನು ಮಲಗಿಸಿದಳು', ಎರಡಾಯಿತು. 'ಕುಡಿ' ಎಂಬುದಕ್ಕೆ ಎರಡು. 'ತಾಯಿ ಮಗುವಿಗೆ ಹಾಲು ಕುಡಿಸಿದಳು' ಎಂದರೆ ಮೂರು. ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡುವ ಅಕರ್ಮಕ, ಸಕರ್ಮಕ, ದ್ವಿಕರ್ಮಕ, ಪ್ರೇರಣಾರ್ಥಕಗಳೆಲ್ಲ ಈ ಎಣಿಕೆಯವೇ.

ನಮ್ಮ ಶಾಸ್ತ್ರಕಾರರ ಶಬ್ದ ಇನ್ನೂ ಸೂಕ್ಷ್ಮವಾಗಿದೆ. ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕೆಂದರು. 'ತಾಯಿ ಮಲಗಿಸಿದಳು' ಎಂದು ನಿಲ್ಲಿಸಿದರೆ ಕೇಳುವವನ ಮನಸ್ಸಿನಲ್ಲಿ 'ಯಾರನ್ನು?' ಎಂಬುದು ಎದ್ದು ನಿಲ್ಲುತ್ತದಲ್ಲ, ಅದು ಆಕಾಂಕ್ಷೆ. ಸಂಯುಜಾ, ವೇಲೆನ್ಸಿ ಎರಡಕ್ಕಿಂತಲೂ ಈ ಶಬ್ದವೇ ಆ ಹುಡುಗನಿಗೆ ಬೇಗ ಒಗ್ಗಿತು: ಕ್ಲೋರಿನ್ನಿಗೆ ಒಂದರ ಆಕಾಂಕ್ಷೆ, ಆಕ್ಸಿಜನ್ನಿಗೆ ಎರಡರದು; ಆದುದರಿಂದಲೇ ನೀರಿನಲ್ಲಿ ಹೈಡ್ರೋಜನ್ ಎರಡು. ನಿಯಾನ್, ಆರ್ಗಾನುಗಳು ಆಕಾಂಕ್ಷೆಯಿಲ್ಲದವು. ಈ ಕಾರಣಕ್ಕೆ ಕನ್ನಡದಲ್ಲಿ ಅವಕ್ಕೆ 'ಜಡಾನಿಲ' ಎಂಬ ಹೆಸರು ಬಂದಿತ್ತು. 1962ರಲ್ಲಿ ಅದೇ ಗಣದ ಕ್ಸೆನಾನ್ ಸಂಯುಕ್ತವಾದುದು ತಿಳಿದ ಮೇಲೆ 'ಜಡ' ಎನ್ನುವುದು ಅಷ್ಟು ಸರಿಯಲ್ಲ; 'ರಾಜಾನಿಲ'ವೇ ವಾಸಿ. ಹೋಲಿಕೆ ಮುರಿಯುವ ಜಾಗವೂ ಇದೆ. 'ಉಂಡೆಯಾ?' ಎಂದು ಕೇಳಿದರೆ 'ಉಂಡೆ' ಎಂದಷ್ಟೇ ಹೇಳಿ ನಾವು ಮುಗಿಸುತ್ತೇವೆ; ಯಾರು, ಏನನ್ನು ಎಂಬುದನ್ನು ಸಂದರ್ಭ ತುಂಬಿಕೊಡುತ್ತದೆ. ಸೋಡಿಯಮ್ಮಿಗೆ ಸಂದರ್ಭದಿಂದ ಹೊಟ್ಟೆ ತುಂಬುವುದಿಲ್ಲ.

ಹೀಲಿಯಮ್ಮಿನ ಕಥೆಗೆ ನಮ್ಮ ಸೀಮೆಯ ನಂಟೂ ಉಂಟು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣವಾಯಿತು. ಗ್ರಹಣದ ನೆರಳು ದಖನ್ನಿನ ಮೇಲೆ ಹಾಯ್ದು ಹೋಯಿತು. ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿದ್ದರು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟು, ಮೋಡಗಳ ಕಿಂಡಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದರು: ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ನಡುವಿನ ಗೆರೆ ಸೋಡಿಯಮ್ಮಿನ ಹಳದಿ ಗೆರೆಯೆಂದೇ ಮೊದಲು ತೋರಿತು. ಅದು ಅದಲ್ಲ, ಪಕ್ಕದ್ದೆಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಅಳೆದು ತೋರಿಸಿದರು; ಭೂಮಿಯ ಯಾವ ಮೂಲವಸ್ತುವಿಗೂ ಹೊಂದದ ಆ ಗೆರೆಯ ಒಡೆಯನಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಮ್ ಎಂಬ ಹೆಸರಾಯಿತು. ಭೂಮಿಯಲ್ಲಿ ಅದು ರ‍್ಯಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ. ಸೋಡಿಯಮ್ಮಿನ ಹಳದಿಯನ್ನು ನೋಡಲು ಗ್ರಹಣ ಬೇಕಿಲ್ಲ. ಉಪ್ಪು ಹಾಕಿದ ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಜ್ವಾಲೆ ಹಳದಿಯಾಗುತ್ತದೆ. ಜ್ವಾಲೆಯಲ್ಲಿ ಸೋಡಿಯಮ್ಮಿಗೆ ಅದರ ಆ ಹನ್ನೊಂದನೆಯ ಎಲೆಕ್ಟ್ರಾನು ಮರಳಿ ಸಿಕ್ಕಿ, ಮೇಲೇರಿ ಮತ್ತೆ ಕೆಳಗಿಳಿಯುವಾಗ ಬಿಡುವ ಬೆಳಕು ಅದು.

ಹುಡುಗ ಈಗ ತನ್ನ ವಹಿಯ ಹಿಂಬದಿಯ ಪುಟಗಳಲ್ಲಿ ಎರಡು ಪಟ್ಟಿ ಮಾಡಿಕೊಂಡಿದ್ದಾನೆ. ಎಡಕ್ಕೆ ಏಳನೆಯವರೆಗಿನ ಶಬ್ದ, ಬಲಕ್ಕೆ ಎಂಟರ ನಂತರದ್ದು. ಅದರ ಪ್ರತಿಯೊಂದನ್ನು ಅವನ ಅಕ್ಕ ವಿಭಾಗದಲ್ಲಿಟ್ಟಿದ್ದಾಳೆ: ಪರಮಾಣು–ಅಣೂ, ಅಣು–ರೇಣೂ, ಮೂಲವಸ್ತು–ಮೂಲದ್ರವ್ಯ, ಲೋಹ–ಧಾತೂ, ಕಬ್ಬಿಣ–ಲೋಹ. ನಲವತ್ತರ ಹತ್ತಿರ ಬಂದಿದೆ. ನಿಮ್ಮಲ್ಲಿ ಹಲವರು ಡಿ.ಎಡ್., ಬಿ.ಎಡ್. ಮುಗಿಸಿ ಇದೇ ಊರುಗಳ ಶಾಲೆಗಳಿಗೆ ಹೋಗುವವರು. ಏಳರಿಂದ ಎಂಟಕ್ಕೆ ದಾಟುವ ಮಕ್ಕಳು ನಿಮ್ಮ ಕೈಯಲ್ಲಿಯೇ ಇರುತ್ತಾರೆ. ಮನೆಯಲ್ಲಿ ತಮ್ಮ ತಂಗಿಯರ ವಿಜ್ಞಾನದ ಪುಸ್ತಕಗಳಿದ್ದರೆ, ಕನ್ನಡದವಾಗಲಿ ಮರಾಠಿಯವಾಗಲಿ, ದೀಪಾವಳಿ ರಜೆ ಮುಗಿಸಿ ಬರುವಾಗ ತನ್ನಿ. ಪಟ್ಟಿಯಲ್ಲಿ ಜೀವಶಾಸ್ತ್ರದ ಶಬ್ದಗಳು ಇನ್ನೂ ಒಂದೂ ಇಲ್ಲ.